ತಾಯಿ ಮಗು ಇಬ್ಬರೂ ಕ್ಷೇಮ

ಸತ್ತ ಮಗಳು ಬದುಕಿದ್ದಾಳೆಂಬ ಸುದ್ದಿ ಉಚ್ಚೆಂಗೆಮ್ಮನಿಗೆ ಮುಟ್ಟಿದ್ದು ಅಕ್ಕಿ ಗಿರಣಿಯ ಅಂಗಳದಲ್ಲಿ. ಹೇಳಿದವನು ದಾರಿಯಲ್ಲಿ ಹೋಗುವ ಯಾವನೋ ಕುಡುಕನಾಗಿದ್ದರೆ ಕೆನ್ನೆಗೆ ಎರಡು ಬಿಗಿದು ಸುಮ್ಮನಾಗುತ್ತಿದ್ದಳು. ಹೇಳಿದವನು ಮಂತ್ರಿ. ಹೇಳಿದ್ದು ಬೆಂಗಳೂರಿನ ವಿಧಾನಸಭೆಯಲ್ಲಿ, ಬಜೆಟ್ಟಿನ ಚರ್ಚೆಗೆ ಉತ್ತರ ಕೊಡುವಾಗ, ಎದೆ ಉಬ್ಬಿಸಿಕೊಂಡು.

ಸಿರುಗುಪ್ಪದ ಹೊರಗಿರುವ ಆ ಗಿರಣಿಯಲ್ಲಿ ಅವಳದು ಭತ್ತ ಒಣಗಿಸುವ ಕೆಲಸ. ಬಿಸಿಲಿಗೆ ಹರವಿದ ಭತ್ತವನ್ನು ಕಾಲಲ್ಲೇ ಸಾಲು ಎಳೆದು ತಿರುವಿ ಹಾಕುತ್ತಿದ್ದಳು. ಜೊತೆಗೆ ಕೆಲಸ ಮಾಡುವ ಪಾರಮ್ಮ ನೆರಳಿಗೆ ಹೋಗಿ ಫೋನು ನೋಡುತ್ತಿದ್ದವಳು ಇದ್ದಕ್ಕಿದ್ದಂತೆ ಕೂಗಿದಳು.

"ಯಕ್ಕಾ, ಜಲ್ದಿ ಬಾ ಇಲ್ಲಿ. ಮೌನಿಕಾನ ಹೆಸ್ರು ಹೇಳಾಕತ್ತಾನ ಮಂತ್ರಿ!"

ಉಚ್ಚೆಂಗೆಮ್ಮ ಓಡಿದಳು. ಅಂಗೈಯಗಲದ ಪರದೆಯಲ್ಲಿ ಬಿಳಿ ಬಟ್ಟೆಯ ಮನುಷ್ಯನೊಬ್ಬ ಎದ್ದು ನಿಂತು ಕೈ ಬೀಸುತ್ತಿದ್ದ. ಆರೋಗ್ಯ ಖಾತೆಯ ಗವಿಸಿದ್ದೇಶ. ಮಾತು ಅವನಿಗೆ ನೀರು ಕುಡಿದಷ್ಟು ಸಲೀಸು.

"ಮಾನ್ಯ ಸಭಾಧ್ಯಕ್ಷರೇ, ನಮ್ಮ ಇಲಾಖೆಗೆ ಕೊಟ್ಟ ಅನುದಾನ ಎಲ್ಲಿ ಹೋಯಿತು ಅಂತ ಇವರು ಕೇಳುತ್ತಾರೆ. ಎಲ್ಲಿ ಹೋಯಿತು ಅಂತ ನಾನು ಹೇಳುತ್ತೇನೆ. ಸಿರುಗುಪ್ಪ ತಾಲ್ಲೂಕಿನ ಒಂದು ಕ್ಯಾಂಪಿನಲ್ಲಿ ಮೌನಿಕಾ ಅಂತ ಬಡ ಹೆಣ್ಣುಮಗಳು. ತಂದೆ ರಂಗಣ್ಣ, ಮೂಟೆ ಹೊರುವ ಹಮಾಲಿ. ಹೆರಿಗೆಯಾಗಿ ರಕ್ತ ನಿಲ್ಲಲಿಲ್ಲ. ಫೋನು ಮಾಡಿದರು, ನಮ್ಮ ಆಂಬುಲೆನ್ಸ್ ಹೋಯಿತು. ಇವತ್ತು ತಾಯಿ ಮಗು ಇಬ್ಬರೂ ಕ್ಷೇಮ. ಅನುದಾನ ಅಲ್ಲಿಗೆ ಹೋಯಿತು ಸ್ವಾಮಿ, ಆ ತಾಯಿಯ ಜೀವಕ್ಕೆ ಹೋಯಿತು!"

ಅವನ ಹಿಂದೆ ಮುಂದೆ ಕೂತವರೆಲ್ಲ ಮೇಜು ಕುಟ್ಟಿದರು. ಉಚ್ಚೆಂಗೆಮ್ಮ ಪಾರಮ್ಮನ ಭುಜ ಹಿಡಿದಳು. ಇನ್ನೊಮ್ಮೆ ಹಚ್ಚು ಎಂದಳು. ಪಾರಮ್ಮ ಇನ್ನೊಮ್ಮೆ ಹಚ್ಚಿದಳು. ಇನ್ನೊಮ್ಮೆಯೂ ಮೌನಿಕಾ ಕ್ಷೇಮವಾಗಿಯೇ ಇದ್ದಳು.

ಅಲ್ಲ, ಏನು ಕ್ಷೇಮ? ಕಾಲುವೆ ಬದಿಗೆ ಎದ್ದ ಆ ಕ್ಯಾಂಪು ಊರಿನ ಆರೋಗ್ಯ ಕೇಂದ್ರದ ಹಿಂದೆ ನಿಂತಿದ್ದ ಆಂಬುಲೆನ್ಸಿಗೆ ಟೈರೇ ಇರಲಿಲ್ಲ. ಹೋದ ಮಳೆಗಾಲದಿಂದ ಅದರೊಳಗೆ ಊರ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಮೌನಿಕಾ ಚೊಚ್ಚಲ ಹೆರಿಗೆಗೆಂದು ಕುರುಗೋಡಿನ ಗಂಡನ ಮನೆಯಿಂದ ತವರಿಗೆ ಬಂದವಳು. ಕೂಸು ಸುಖವಾಗಿ ಹೊರಬಂತು, ಆಮೇಲೆ ರಕ್ತ ನಿಲ್ಲಲಿಲ್ಲ. ಫೋನು ಮಾಡಿದರೆ ಬೇರೆ ಊರಿನ ಗಾಡಿ ಹೊರಟಿದೆ ಎಂದರು. ಮತ್ತೆ ಮಾಡಿದರೆ ಮತ್ತೆ ಹೊರಟಿದೆ ಎಂದರು. ಅದು ಬರುವಷ್ಟರಲ್ಲಿ ಹಾಸಿದ್ದ ಸೀರೆಗಳೆಲ್ಲ ತೊಯ್ದು ಹೋಗಿದ್ದವು. ಬಳ್ಳಾರಿಯ ದೀಪ ಕಾಣುವ ಮೊದಲೇ ಮೌನಿಕಾ ಅವ್ವನ ತೊಡೆಯ ಮೇಲೆ ತಣ್ಣಗಾದಳು. ಆಂಬುಲೆನ್ಸ್ ಹೋಯಿತು ಎಂದನಲ್ಲ ಮಂತ್ರಿ, ಅದೊಂದು ನಿಜ. ಹೋಯಿತು, ಹೆಣ ಹೊತ್ತುಕೊಂಡು ವಾಪಸು ಬಂತು.

ಉಚ್ಚೆಂಗೆಮ್ಮ ಮೊದಲೇ ಮುಂಗೋಪಿ. ಗಿರಣಿಯ ಮೇಸ್ತ್ರಿಯೂ ಅವಳೆದುರು ದನಿ ತಗ್ಗಿಸಿ ಮಾತಾಡುತ್ತಿದ್ದ. ಅವತ್ತು ಅವಳು ಭತ್ತವನ್ನು ಹಾಗೆಯೇ ಬಿಟ್ಟು, ಸೆರಗು ಸೊಂಟಕ್ಕೆ ಬಿಗಿದು, ಕಾಲುವೆ ದಂಡೆ ಹಿಡಿದು ಮನೆಗೆ ನಡೆದಳು. ದಾರಿಯುದ್ದಕ್ಕೂ ಆ ಮಂತ್ರಿಯ ಹೆತ್ತವರು, ಹುಟ್ಟಿದ ಗಳಿಗೆ, ಉಣ್ಣುವ ಅನ್ನ ಒಂದನ್ನೂ ಬಿಡದೆ ಬೈದಳು. ಎದುರಿಗೆ ಬಂದವರು ಬದಿಗೆ ಸರಿದು ದಾರಿ ಬಿಟ್ಟರು.

ಮನೆಯಲ್ಲಿ ಗಂಡ ರಂಗಣ್ಣ ಕೂಸನ್ನು ಭುಜಕ್ಕೆ ಹಾಕಿಕೊಂಡು ಬೆನ್ನು ತಟ್ಟುತ್ತಿದ್ದ. ಚಿಕ್ಕ ಮಗಳು ನಂದಿನಿ ಬಾಟಲಿ ತೊಳೆಯುತ್ತಿದ್ದಳು.

"ನಮ್ ಮೌನಿಕಾ ಕ್ಷೇಮ ಅದಾಳಂತ," ಎಂದಳು ಉಚ್ಚೆಂಗೆಮ್ಮ ಬಾಗಿಲಲ್ಲೇ ನಿಂತು. "ಮಂತ್ರಿ ಹೇಳ್ಯಾನ. ನಿನ್ ಹೆಸ್ರೂ ಹೇಳ್ಯಾನ. ಯಾವ ಮುಂಡೇಮಗ ಹೇಳಿದ್ನಪ್ಪಾ ಅವಗ ಇದನ್ನ? ಅವನ ನಾಲಗಿ ಸೀಳ್ತೀನಿ ಇವತ್ತು."

ರಂಗಣ್ಣನ ತಟ್ಟುತ್ತಿದ್ದ ಕೈ ನಿಂತಿತು. ಮುಖ ಬಿಳುಚಿಕೊಂಡಿದ್ದು ನೋಡಿ ಉಚ್ಚೆಂಗೆಮ್ಮನಿಗೆ ಅನುಮಾನ ಬಂತು.

"ಏನ್, ಯಾಕ ಹಂಗ ನೋಡ್ತಿ?"

"ಫೋನ್ ಬಂದಿತ್ತು," ಎಂದ ರಂಗಣ್ಣ. "ಅಕೀ ತಿಥಿ ಊಟದ ಹೊತ್ತಿನ್ಯಾಗ. ಮಂದಿ ಎಲ್ಲಾ ಎಲಿ ಮುಂದ ಕುಂತಿದ್ರು. ಯಾರೋ ಹುಡುಗಿ. ಸರ್ಕಾರದಿಂದ ಮಾತಾಡ್ತೀವಿ ಸರ್ ಅಂದ್ಳು. ನನಗ ಸರ್ ಅಂದ್ಳು ನೋಡು. ಆಂಬುಲೆನ್ಸ್ ಬಂದಿತ್ತಾ ಸರ್ ಅಂದ್ಳು. ಬಂದಿತ್ರಿ ಅಂದೆ. ಮನೆಯಲ್ಲಿ ಎಲ್ಲರೂ ಆರಾಮಾ ಸರ್ ಅಂದ್ಳು."

"ಏನಂದಿ?"

"ಏನಂತಾರ ಮತ್ತ? ನಿಮ್ ದಯದಾಗ ಎಲ್ಲಾ ಆರಾಮ ಅದೀವ್ರಿ ಅಂದೆ."

ಈ ಸೀಮೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆರಾಮಾ ಎಂದು ಕೇಳಿದವರಿಗೆ ಆರಾಮ ಎನ್ನುವುದು ಇಲ್ಲಿಯ ರೀತಿ. ಜ್ವರದಲ್ಲಿ ನಡುಗುವವನೂ ಹಾಗೇ ಅನ್ನುತ್ತಾನೆ, ಹೊಲ ನೀರಲ್ಲಿ ಮುಳುಗಿದವನೂ ಹಾಗೇ ಅನ್ನುತ್ತಾನೆ. ಕೇಳಿದವರು ಕೂತು, ನೀರು ಕುಡಿದು, ಮತ್ತೊಮ್ಮೆ ಕೇಳಿದಾಗ ನಿಜವಾದ ಸಂಗತಿ ಹೊರಬರುತ್ತದೆ. ಫೋನಿನ ಹುಡುಗಿ ಮತ್ತೊಮ್ಮೆ ಕೇಳಲಿಲ್ಲ. ಥ್ಯಾಂಕ್ಯೂ ಸರ್ ಎಂದು ಇಟ್ಟುಬಿಟ್ಟಳು. ಗುರುತಿಲ್ಲದ ಹುಡುಗಿಯ ಮುಂದೆ, ಉಣ್ಣುವ ಜನರ ನಡುವೆ, ಮಗಳ ಸಾವನ್ನು ಬಿಚ್ಚಿ ಹರವುವ ಮನುಷ್ಯನೂ ರಂಗಣ್ಣ ಆಗಿರಲಿಲ್ಲ. ಅವನ ಆ ಒಂದು ಮಾತು ಬೆಂಗಳೂರು ಸೇರಿ, ಮಂತ್ರಿಯ ಬಾಯಿ ಸೇರಿ, ಮೇಜು ಕುಟ್ಟಿಸಿಕೊಂಡು ಬಂದಿತ್ತು.

ಉಚ್ಚೆಂಗೆಮ್ಮ ಗಂಡನ ಕೈಯಿಂದ ಕೂಸನ್ನು ಕಿತ್ತುಕೊಂಡಳು. "ಮಗಳನ್ನ ಹೂತು ಬಂದ ಕೈ ಇನ್ನೂ ಆರಿದ್ದಿಲ್ಲ, ಆರಾಮಂತ ಆರಾಮ! ನಿನ್ ಬಾಯಾಗ ಮಣ್ಣು ಹಾಕ!" ಎಂದಳು. ಅವತ್ತಿನಿಂದ ಅವನಿಗೆ ಊಟ ಬಡಿಸಿದ್ದು ನಂದಿನಿಯೇ. ಉಚ್ಚೆಂಗೆಮ್ಮ ಅವನ ಕಡೆ ತಿರುಗಿಯೂ ನೋಡಲಿಲ್ಲ.

ಆದರೆ ಗಂಡನ ಮೇಲಿನ ಸಿಟ್ಟು ಮನೆಯೊಳಗಿನದು. ಹೊರಗಿನದು ಬೇರೆ ಇತ್ತು. ಆ ಮನುಷ್ಯ ಅಲ್ಲಿ ಹೇಳಿದ್ದನ್ನು ಅಲ್ಲಿಯೇ ವಾಪಸು ತೆಗೆದುಕೊಳ್ಳಬೇಕು, ನನ್ನ ಮಗಳು ಸತ್ತಿದ್ದಾಳೆಂದು ಬಾಯಿಬಿಟ್ಟು ಹೇಳಬೇಕು. ಉಚ್ಚೆಂಗೆಮ್ಮನಿಗೆ ಬೇಕಾಗಿದ್ದು ಇಷ್ಟೇ. ಪರಿಹಾರ ಬೇಡ, ಪಗಾರ ಬೇಡ, ಪೂಜೆ ಬೇಡ. ಇದನ್ನು ಅವಳು ಕ್ಯಾಂಪಿನಲ್ಲಿ ಕಂಡಕಂಡವರಿಗೆಲ್ಲ ಹೇಳಿದಳು. ಅಯ್ಯೋ ಬಿಡಕ್ಕ, ದೊಡ್ಡವರ ಮಾತು ಎಂದವರಿಗೆ ಮುಖಕ್ಕೆ ಮಂಗಳಾರತಿ ಎತ್ತಿದಳು.

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಅರುಣಾ ಎಂಬ ವಕೀಲರಿದ್ದರು. ಗಿರಣಿ ಹೆಂಗಸರ ಪರವಾಗಿ ಹಿಂದೊಮ್ಮೆ ಕೇಸು ನಡೆಸಿ ಗೆದ್ದುಕೊಟ್ಟವರು. ಉಚ್ಚೆಂಗೆಮ್ಮ ಬೆಳಗಿನ ಬಸ್ಸು ಹತ್ತಿ ಅವರ ಮನೆಗೆ ಹೋದಳು. ಅರುಣಾ ವಿಡಿಯೋ ನೋಡಿದರು, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು, ಚಹಾ ತರಿಸಿದರು.

"ಇವನ ಮ್ಯಾಲೆ ಕೇಸ್ ಹಾಕ್ರಿ ಅಕ್ಕೋರ," ಎಂದಳು ಉಚ್ಚೆಂಗೆಮ್ಮ.

"ಹಾಕಾಕ ಬರೋದಿಲ್ಲ ಉಚ್ಚೆಂಗೆಮ್ಮ. ಸದನದಾಗ ಆಡಿದ ಮಾತಿಗೆ ಕೋರ್ಟು ಕೈ ಹಾಕಂಗಿಲ್ಲ."

"ಹಂಗಾರ ಅಳಿಸಿಬಿಡ್ರಿ. ಅಲ್ಲಿ ಬರಕೊಂಡಿರ್ತಾರಲ್ಲ, ಅದನ್ನ ಅಳಿಸಂತ ಹೇಳ್ರಿ."

"ಅಲ್ಲಿ ಯಾರಾದ್ರೂ ಹೊಲಸು ಮಾತು ಆಡಿದ್ರ, ಯಾರಿಗಾದ್ರೂ ಬೈದ್ರ, ಸಭಾಧ್ಯಕ್ಷರು ಅದನ್ನ ಕಡತದಿಂದ ತಗಸ್ತಾರ."

"ಸುಳ್ಳು ಹೇಳಿದ್ರ?"

ಅರುಣಾ ಕನ್ನಡಕ ಮತ್ತೆ ಹಾಕಿಕೊಂಡರು. "ಸುಳ್ಳಿಗೆ ಆ ದಾರಿ ಇಲ್ಲ. ಮಂತ್ರಿನೇ ಎದ್ದು ನಿಂತು, ತಪ್ಪು ಹೇಳಿದ್ದೆ, ನಿಜ ಹಿಂಗೈತಿ ಅಂತ ತಿದ್ದಬೇಕು. ಯಾರಾದ್ರೂ ಶಾಸಕರು ಅದನ್ನ ಎತ್ತಿ ಕೇಳಬೇಕು. ನಾನು ಬರೀತೀನಿ, ಕೇಳಸ್ತೀನಿ. ಆದ್ರ ಅಧಿವೇಶನ ಮುಗದೈತಿ, ಮುಂದಿಂದಕ್ಕ ಕಾಯಬೇಕು."

ಉಚ್ಚೆಂಗೆಮ್ಮನ ಪಿತ್ತ ನೆತ್ತಿಗೇರಿತು. "ಅವ ನನ್ ಮಗಳನ್ನ ಸೂಳಿ ಅಂದಿದ್ರ ತಗೀತಿದ್ರಿ. ಸತ್ತಾಕೀನ ಬದುಕ್ಯಾಳಂದ್ರ ಇಟಗೊಂಡು ಕಾಪಾಡ್ತೀರಿ. ಏನ್ ಸಭಾ ಅಕ್ಕೋರ ಅದು?" ಎಂದಳು. ಅರುಣಾ ಹಾಳೆ ಪೆನ್ನು ಎಳೆದುಕೊಂಡರು. ಚಹಾ ಆರಿಹೋಗಿತ್ತು.

ಅರುಣಾ ಆರೋಗ್ಯ ಇಲಾಖೆಗೆ ಬರೆದರು. ಪರಿಶೀಲಿಸಲಾಗುವುದು ಎಂದು ಉತ್ತರ ಬಂತು. ಆ ಉತ್ತರದ ಹಿಂದೆಯೇ ಒಂದು ಬಿಳಿ ಕಾರು ಕ್ಯಾಂಪಿಗೆ ಬಂತು. ಅದರಿಂದ ಇಳಿದವನು ಗಾದಿಲಿಂಗಪ್ಪ, ಮಂತ್ರಿಯ ಪಕ್ಷದ ಮುಖಂಡ, ಕುರುಗೋಡಿನಲ್ಲಿ ಗೊಬ್ಬರದ ಅಂಗಡಿ ಇಟ್ಟವನು. ಜೊತೆಗೆ ಉಚ್ಚೆಂಗೆಮ್ಮನ ಅಳಿಯ, ಮೌನಿಕಾಳ ಗಂಡ ಪರಶು. ಪರಶು ತಲೆ ತಗ್ಗಿಸಿಕೊಂಡೇ ಒಳಗೆ ಬಂದ. ಗಾದಿಲಿಂಗಪ್ಪ ಹಣ್ಣಿನ ಬುಟ್ಟಿ ಇಟ್ಟು, ಕೂಸಿನ ಕೆನ್ನೆ ಮುಟ್ಟಿ, ಚಾಪೆಯ ಮೇಲೆ ಪದ್ಮಾಸನ ಹಾಕಿ ಕೂತ.

"ನೋಡ್ರೆವ್ವಾ, ಆದದ್ದು ಆಗಿಹೋಗೈತಿ. ನಮಗೂ ಭಾಳ ಸಂಕಟ ಆತ್ರಿ," ಎಂದ. "ಮಂತ್ರಿಗಳು ಬರೋ ಸೋಮವಾರ ಕುರುಗೋಡಿಗೆ ಬರ್ತಾರ, ಹೊಸ ಆಂಬುಲೆನ್ಸ್ ಕೊಡಾಕ. ಸದನದಾಗ ಹೇಳಿದ ಆ ತಾಯಿ ಮಗು ಸ್ಟೇಜಿನ ಮ್ಯಾಲೆ ಬೇಕಂತ ಮ್ಯಾಲಿಂದ ಹೇಳ್ಯಾರ. ಟಿವಿಯವರು ಬರ್ತಾರ."

"ತಾಯಿನ ಎಲ್ಲಿಂದ ತರ್ಲಿ?" ಎಂದಳು ಉಚ್ಚೆಂಗೆಮ್ಮ. ದನಿ ಎತ್ತರಿಸಲಿಲ್ಲ. ಅವಳು ದನಿ ಎತ್ತರಿಸದಿದ್ದರೆ ಹೆದರಬೇಕೆಂದು ಮನೆಯವರಿಗೆ ಗೊತ್ತಿತ್ತು, ಗಾದಿಲಿಂಗಪ್ಪನಿಗೆ ಗೊತ್ತಿರಲಿಲ್ಲ.

ಅವನು ಬಾಟಲಿ ಹಿಡಿದು ನಿಂತಿದ್ದ ನಂದಿನಿಯನ್ನು ನೋಡಿದ. "ತಂಗಿ ಅದಾಳಲ್ರಿ. ಮುಖ ಹಂಗೇ ಐತಿ. ತಲಿ ಮ್ಯಾಲೆ ಸೆರಗು ಹೊದ್ಕೊಂಡು ಕೂಸು ಎತ್ಗೊಂಡು ಕುಂತ್ರ ಸಾಕು, ಮಾತಾಡಾದೇನಿಲ್ಲ. ಪರಶುಗ ಆಂಬುಲೆನ್ಸಿನ ಡ್ರೈವರ್ ಕೆಲಸ ಕೊಡಸೋದು ನನ್ನ ಜವಾಬ್ದಾರಿ."

ನಂದಿನಿಯ ಕೈಯಿಂದ ಬಾಟಲಿ ಬಿತ್ತು. ಸತ್ತ ಅಕ್ಕನ ಜಾಗದಲ್ಲಿ ತಂಗಿಯನ್ನು ಕೂಡಿಸುವ ಮಾತನ್ನು, ಹೆತ್ತವಳ ಮುಂದೆ, ಹಣ್ಣಿನ ಬುಟ್ಟಿ ಇಟ್ಟು ಆಡಿದನಲ್ಲ ಆ ಮನುಷ್ಯ! ಪರಶು ಎದ್ದು ಹೊರಗೆ ಹೋಗಿಬಿಟ್ಟ. ಉಚ್ಚೆಂಗೆಮ್ಮನ ಕೈ ಚಪ್ಪಲಿಯ ಕಡೆಗೆ ಹೋಗಿದ್ದೂ ನಿಜ. ಆದರೆ ಅಷ್ಟರಲ್ಲಿ ಅವಳಿಗೆ ಒಂದು ಹೊಳೆಯಿತು. ಬೆಂಗಳೂರಿನ ಆ ಸಭೆಯೊಳಗೆ ಅವಳನ್ನು ಯಾರೂ ಬಿಡುವುದಿಲ್ಲ. ಕುರುಗೋಡಿನ ವೇದಿಕೆಗೆ ಅವರೇ ಕಾರು ಕಳಿಸಿ ಕರೆಯುತ್ತಿದ್ದಾರೆ.

"ನಂದಿನಿ ಬರಾಂಗಿಲ್ಲ," ಎಂದಳು ಹಲ್ಲು ಕಚ್ಚಿ. "ಲಗ್ನ ಆಗೋ ಹುಡುಗಿ. ನಾನೇ ಎತ್ಗೊಂಡು ಬರ್ತೀನಿ. ಅಜ್ಜಿ ಬಂದ್ರ ನಡೀತೈತಲ್ಲ?"

ಗಾದಿಲಿಂಗಪ್ಪನ ಮುಖ ಅರಳಿತು. "ನಡೀತೈತ್ರಿ, ಯಾಕ ನಡೆಯಂಗಿಲ್ಲ? ಬಾಣಂತಿ ಮನ್ಯಾಗ ಆರಾಮ ತಗೊಳಾಕತ್ತಾಳಂತ ಅಂದ್ರಾತು," ಎಂದು ಕೈಮುಗಿದು ಎದ್ದ.

ಸೋಮವಾರ ಕುರುಗೋಡಿನಲ್ಲಿ ಗುಡ್ಡದ ಕಡೆಯ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಹೊಸ ಆಂಬುಲೆನ್ಸುಗಳು ಚೆಂಡುಹೂವಿನ ಹಾರ ಹಾಕಿಕೊಂಡು ನಿಂತಿದ್ದವು. ಬೆಳಿಗ್ಗೆ ಬರುತ್ತೇನೆಂದ ಮಂತ್ರಿ ನಡು ಮಧ್ಯಾಹ್ನಕ್ಕೆ ಬಂದ. ಅಷ್ಟು ಹೊತ್ತೂ ಉಚ್ಚೆಂಗೆಮ್ಮ ಕೂಸನ್ನು ಎದೆಗೆ ಒತ್ತಿಕೊಂಡು ವೇದಿಕೆಯ ಮೂಲೆಯ ಕುರ್ಚಿಯಲ್ಲಿ ಕೂತಿದ್ದಳು. ರಂಗಣ್ಣ ಕೆಳಗೆ ಮುಂದಿನ ಸಾಲಿನಲ್ಲಿದ್ದ, ಮಡಿಲಲ್ಲಿ ಹಾಲಿನ ಬಾಟಲಿಯ ಚೀಲ ಇಟ್ಟುಕೊಂಡು. ಬರಬೇಡ ಎಂದು ಹೇಳುವುದಕ್ಕೂ ಅವಳು ಅವನೊಡನೆ ಮಾತು ಬಿಟ್ಟಿದ್ದರಿಂದ ಅವನು ಬಂದಿದ್ದ.

ಮಂತ್ರಿ ಬಜೆಟ್ಟಿನ ಅಂಕಿಗಳನ್ನು ಮಂತ್ರದ ಹಾಗೆ ಹೇಳಿದ. ಸದನದಲ್ಲಿ ವಿರೋಧಿಗಳ ಬಾಯಿ ಮುಚ್ಚಿಸಿದ್ದನ್ನು ಹೇಳಿದ. ಆಮೇಲೆ ಮೈಕು ಹಿಡಿದುಕೊಂಡೇ ಉಚ್ಚೆಂಗೆಮ್ಮನ ಬಳಿ ಬಂದು, ಬಗ್ಗಿ, ನಗುನಗುತ್ತ ಕೇಳಿದ.

"ಇವರೇ ನೋಡಿ ಆ ಕುಟುಂಬ. ಏನು ತಾಯಿ, ಎಲ್ಲರೂ ಆರಾಮಾ?"

"ಆರಾಮ್ರಿ," ಎಂದುಬಿಟ್ಟಳು ಉಚ್ಚೆಂಗೆಮ್ಮ.

ಅವಳೇ ಅಂದಳು. ಯಾರೂ ಹೇಳಿಕೊಟ್ಟಿರಲಿಲ್ಲ, ಯಾರೂ ಹೆದರಿಸಿರಲಿಲ್ಲ. ಇಷ್ಟು ದಿನ ಬೆಂಕಿ ಉಗುಳಿದ ಆ ಬಾಯಿಂದಲೇ ಆ ಮಾತು ಜಾರಿ, ಮೈಕಿಗೆ ಬಿದ್ದು, ಮೈದಾನದ ತುಂಬ ಕೇಳಿಸಿತು. ಜನ ಚಪ್ಪಾಳೆ ತಟ್ಟಿದರು. ಅವಳಿಗೆ ತನ್ನ ನಾಲಿಗೆಯನ್ನೇ ಕಿತ್ತು ಬಿಸಾಡುವಷ್ಟು ರೋಷ ಬಂತು. ಕೆಳಗೆ ನೋಡಿದಳು. ರಂಗಣ್ಣ ಚಪ್ಪಾಳೆ ತಟ್ಟದೆ ಅವಳನ್ನೇ ನೋಡುತ್ತಿದ್ದ. ಪಾಪ, ಇವನೂ ಹೀಗೇ ಅಂದದ್ದು ಎಂದು ಅವಳಿಗೆ ಆಗ ಗೊತ್ತಾಯಿತು. ಗಂಡನ ಮೇಲಿದ್ದ ಸಿಟ್ಟೂ ಬಂದು ಮಂತ್ರಿಯ ಮೇಲಿನ ಸಿಟ್ಟಿಗೆ ಸೇರಿಕೊಂಡಿತು.

ಅವಳು ಎದ್ದು ನಿಂತಳು. "ಎತ್ಗೋರಿ," ಎಂದು ಕೂಸನ್ನು ಮಂತ್ರಿಯ ಕೈಗಿಟ್ಟಳು.

ಮಂತ್ರಿ ಸಂತೋಷದಿಂದ ಎತ್ತಿಕೊಂಡ. ಫೋಟೋದವರು ಮುಂದೆ ನುಗ್ಗಿದರು. ಹಸಿದ ಕೂಸು ಹೊಸ ಮುಖ ಕಂಡು ಕಿರುಚಿತು. ಒಂದೆರಡು ಫೋಟೋ ಆದಮೇಲೆ ಮಂತ್ರಿ ಅದನ್ನು ವಾಪಸು ಚಾಚಿದ. ಉಚ್ಚೆಂಗೆಮ್ಮ ಎರಡೂ ಕೈಯನ್ನು ಸೆರಗಿನೊಳಗೆ ಕಟ್ಟಿಕೊಂಡಳು.

"ಅದರ ತಾಯಿ ಕೈಗೆ ಕೊಡ್ರಿ," ಎಂದಳು.

"ಎಲ್ಲಿದ್ದಾರೆ ಅವರು? ಕರೀರಮ್ಮ," ಎಂದ ಮಂತ್ರಿ ಅತ್ತಿತ್ತ ನೋಡುತ್ತ.

"ನೀವೇ ಹೇಳೀರಲ್ರಿ ಕ್ಷೇಮ ಅದಾಳಂತ. ಅಷ್ಟು ಮಂದಿ ಮೇಜು ಕುಟ್ಟಿದ್ರು. ಎಲ್ಲಿಟ್ಟೀರಿ ನನ್ ಮಗಳನ್ನ? ನಾವು ಮಣ್ಣು ಕೊಟ್ಟು ಬಂದ ಜಾಗದಿಂದಂತೂ ಎದ್ದು ಬಂದಿಲ್ಲ."

ಮಂತ್ರಿಯ ನಗು ಮುಖದ ಮೇಲೆಯೇ ಉಳಿದುಹೋಯಿತು, ತೆಗೆಯಲು ಮರೆತವನಂತೆ. ಅವನು ಗಾದಿಲಿಂಗಪ್ಪನ ಕಡೆ ನೋಡಿದ. ಗಾದಿಲಿಂಗಪ್ಪ ಬೆವರೊರೆಸುತ್ತ ಓಡಿಬಂದು ಕೂಸಿಗೆ ಕೈ ಚಾಚಿದ. ಆ ಚಾಚಿದ ಕೈಯನ್ನು ಯಾರೋ ಹಿಡಿದರು. ರಂಗಣ್ಣ ವೇದಿಕೆಗೆ ಹತ್ತಿಬಂದಿದ್ದ. ಮೂಟೆ ಹೊತ್ತು ಗಟ್ಟಿಯಾದ ಕೈ, ಗಾದಿಲಿಂಗಪ್ಪನಿಗೆ ಬಿಡಿಸಿಕೊಳ್ಳಲಾಗಲಿಲ್ಲ.

"ನೀವು ಸುಮ್ಕಿರ್ರಿ ಸಾವ್ಕಾರ," ಎಂದ ರಂಗಣ್ಣ. "ಅವರು ಹೇಳ್ಲಿ."

ಪೊಲೀಸರು ಮೆಟ್ಟಿಲ ಹತ್ತಿರ ಬಂದರು. ಕ್ಯಾಮೆರಾಗಳೆಲ್ಲ ತಿರುಗಿದ್ದನ್ನು ನೋಡಿ ಮಂತ್ರಿಯೇ ಕಣ್ಣಲ್ಲಿ ಅವರನ್ನು ನಿಲ್ಲಿಸಿದ. ಕೂಸು ಅವನ ಕೈಯಲ್ಲಿ ಕೆಂಪಗಾಗಿ, ಉಸಿರು ಕಟ್ಟಿ ಕಟ್ಟಿ ಅಳುತ್ತಿತ್ತು. ಅವನಿಗೆ ಅದನ್ನು ಕೊಡಲು ಯಾರೂ ಇರಲಿಲ್ಲ, ಕೆಳಗೆ ಇಡುವ ಹಾಗೂ ಇರಲಿಲ್ಲ.

"ತಗೊಳ್ಳಮ್ಮ, ಮಗು ಅಳ್ತಿದೆ," ಎಂದ ಮೆಲ್ಲಗೆ.

"ಅಳ್ತೈತ್ರಿ. ಹುಟ್ಟಿದಾಗಿಂದ ಅಳಾಕತ್ತೈತಿ. ತಾಯಿ ಎಲ್ಲಿ ಹೇಳ್ರಿ, ತಗೋತೀನಿ."

"ನಂಗೆ ಕೊಟ್ಟ ಮಾಹಿತಿ ತಪ್ಪಿತ್ತು. ಮಗುವಿನ ತಾಯಿ ಇಲ್ಲ ಅಂತ ಗೊತ್ತಿರಲಿಲ್ಲ," ಎಂದ ಮಂತ್ರಿ, ಮೈಕು ದೂರ ಹಿಡಿದು ಅವಳ ಕಿವಿಯ ಹತ್ತಿರ ಬಗ್ಗಿ.

"ನನ್ ಕಿವ್ಯಾಗ ಹೇಳಬ್ಯಾಡ್ರಿ. ನನಗ ಗೊತ್ತೈತಿ. ಮೈಕಿನ್ಯಾಗ ಹೇಳ್ರಿ."

ಕೆಳಗಿನ ಹೆಂಗಸರ ಸಾಲಿನಿಂದ "ಹೇಳ್ರಿ! ಹೇಳ್ರಿ!" ಎಂದು ಕೂಗು ಎದ್ದಿತು. ಮೈಕು ಬಂದ್ ಮಾಡಲು ಹೋದ ಹುಡುಗನನ್ನು ಜನರ ನಡುವಿಂದ ಬಂದ ಪರಶು ತಡೆದು ನಿಂತ. ಮಂತ್ರಿ ಮಾತಿನ ಮನುಷ್ಯ, ಎಂಥ ಸಭೆಯಲ್ಲೂ ಮಾತಿಗೆ ತಡಕಾಡಿದವನಲ್ಲ. ಅವತ್ತು ಕೂಸನ್ನು ಒಂದು ಕೈಯಲ್ಲಿ ಅವುಚಿಕೊಂಡು, ಇನ್ನೊಂದು ಕೈಯಲ್ಲಿ ಮೈಕು ಹಿಡಿದು, ಬಾಯಿ ತೆರೆದು, ಮುಚ್ಚಿ, ಕೊನೆಗೆ ಹೇಳಿದ.

"ಈ ಮಗುವಿನ ತಾಯಿ... ಮೌನಿಕಾ... ತೀರಿಕೊಂಡಿದ್ದಾರೆ. ಆಂಬುಲೆನ್ಸ್ ಬರೋದು ತಡವಾಗಿ ತೀರಿಕೊಂಡರು."

ಮಾತು ಧ್ವನಿವರ್ಧಕದಲ್ಲಿ ಹೊರಟು ಗುಡ್ಡಕ್ಕೆ ಬಡಿದು ಇನ್ನೊಮ್ಮೆ ಕೇಳಿಸಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಉಚ್ಚೆಂಗೆಮ್ಮ ಕೂಸನ್ನು ತೆಗೆದುಕೊಂಡಳು. "ಇದನ್ನೇ ಅಲ್ಲಿ ಎದ್ದು ನಿಂತು ಹೇಳ್ರಿ," ಎಂದಳು. "ಹೇಳೋತನಕ ನೀವು ಯಾವ ಊರಿಗೆ ಬಂದ್ರೂ ಈ ಕೂಸು ಎತ್ಗೊಂಡು ನಾ ಬರ್ತೀನಿ."

ಇನ್ನೂ ಬಹಳ ಬೈಯಬೇಕೆಂದು ಬಂದಿದ್ದಳು. ದಾರಿಯುದ್ದಕ್ಕೂ ಒಂದೊಂದೇ ಮಾತು ಮಸೆದು ಇಟ್ಟುಕೊಂಡಿದ್ದಳು. ವೇದಿಕೆಯ ಮೆಟ್ಟಿಲು ಇಳಿಯುತ್ತಿದ್ದಾಗ ಅವೆಲ್ಲ ಎಲ್ಲಿ ಹೋದವೋ, ಅಲ್ಲೇ ಕೂತುಬಿಟ್ಟಳು. ಮಗಳು ಸತ್ತಳೆಂದು ಅಷ್ಟು ದೊಡ್ಡ ದನಿಯಲ್ಲಿ ಅವಳು ಕೇಳಿದ್ದು ಅದೇ ಮೊದಲು. ತಾನೇ ಹಟ ಹಿಡಿದು ಹೇಳಿಸಿದ ಮಾತು, ಆದರೂ ಯಾರೋ ಈಗಷ್ಟೇ ಬಂದು ಸುದ್ದಿ ಮುಟ್ಟಿಸಿದಂತಾಯಿತು. "ಯವ್ವಾ ಮೌನೀ, ಹೋದೇನವ್ವಾ ನೀನು," ಎಂದು ಎದೆ ಬಡಿದುಕೊಂಡು ಅತ್ತಳು. ಹೂತ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ರಂಗಣ್ಣ ಪಕ್ಕದಲ್ಲಿ ಕೂತು, ಅವಳ ತೊಡೆಯ ಮೇಲಿದ್ದ ಕೂಸಿನ ಬಾಯಿಗೆ ಬಾಟಲಿ ಇಟ್ಟ.